ಅನಿಮೆ ಸಿನಿಮಾ ಸಂಗೀತ: ಯಾವುದರಿಂದ ಶುರು ಮಾಡೋದು?

ಜಪಾನಿನ ಅನಿಮೇಷನ್ ಸಿನಿಮಾಗಳ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರನ್ನೇ ಕೇಳಿ, ಬರುವ ಹೆಸರು ಒಂದೇ: ಜೋ ಹಿಸೈಶಿ. ತಪ್ಪು ಉತ್ತರವೇನಲ್ಲ. ಆದರೆ ನಿರ್ದೇಶಕ ಹಯಾವೊ ಮಿಯಾಝಾಕಿ ಸಿನಿಮಾಗಳಿಗೇ ಹಿಸೈಶಿ 1984ರಿಂದ 2023ರವರೆಗೆ ಸಂಗೀತ ಕೊಟ್ಟಿದ್ದಾರೆ. ಅಷ್ಟರಲ್ಲಿ ಯಾವುದನ್ನು ಹಿಡಿಯೋದು? ಹಿಸೈಶಿ ರುಚಿಸದಿದ್ದರೆ ಮುಂದೇನು? 'ಟಾಪ್ 10' ಪಟ್ಟಿಗಳು ಇದಕ್ಕೆ ಉತ್ತರ ಕೊಡುವುದಿಲ್ಲ. ಅಲ್ಲಿ ಮಕ್ಕಳ ಹಾಡು, ಮೈ ಜುಂ ಅನ್ನಿಸುವ ಕೋರಸ್, ರಾಕ್ ಬ್ಯಾಂಡ್ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಆರಿಸುವಾಗ ನಾನು ಮೊದಲು ನೋಡುವುದು ಒಂದನ್ನೇ. ಈ ಸಂಗೀತ ಚಿತ್ರಕ್ಕಿಂತ ಮೊದಲೇ ಹುಟ್ಟಿತ್ತಾ, ಇಲ್ಲ ಚಿತ್ರ ಸಿದ್ಧವಾದ ಮೇಲೆ ಅದಕ್ಕೆ ಹೊಂದಿಸಿದ್ದಾ?

ನಮ್ಮ ಸಿನಿಮಾದಲ್ಲಿ ಎರಡೂ ಇದೆ. ಹಾಡು ಮೊದಲು ರೆಕಾರ್ಡ್ ಆಗುತ್ತದೆ, ಆಮೇಲೆ ಅದಕ್ಕೆ ಶೂಟಿಂಗ್. ಹಿನ್ನೆಲೆ ಸಂಗೀತ ಮಾತ್ರ ಎಡಿಟಿಂಗ್ ಮುಗಿದ ಮೇಲೆ, ರೀರೆಕಾರ್ಡಿಂಗ್‌ನಲ್ಲಿ ಬರುತ್ತದೆ. ಅದಕ್ಕೇ ಸಿನಿಮಾ ನೋಡದವರೂ ಹಾಡು ಗುನುಗುತ್ತಾರೆ, ರೀರೆಕಾರ್ಡಿಂಗ್ ಅನ್ನು ಬೇರೆಯಾಗಿ ಹಾಕಿಕೊಂಡು ಕೇಳುವವರು ಕಡಿಮೆ. ಜಪಾನಿನ ಅನಿಮೇಷನ್‌ನಲ್ಲಿ ಹಿನ್ನೆಲೆ ಸಂಗೀತವೂ ಎಷ್ಟೋ ಸಲ ಮೊದಲೇ ಹುಟ್ಟುತ್ತದೆ. ಅಲ್ಲಿ 'ಇಮೇಜ್ ಆಲ್ಬಮ್' ಅಂತ ಒಂದು ಪದ್ಧತಿ ಇದೆ. ಚಿತ್ರ ಇನ್ನೂ ಬಿಡಿಸುತ್ತಿರುವಾಗಲೇ, ನಿರ್ದೇಶಕರು ಕೊಟ್ಟ ನಾಲ್ಕು ಮಾತು, ಕೆಲವು ಸ್ಕೆಚ್ ಇಟ್ಟುಕೊಂಡು ಸಂಗೀತಗಾರರು ಒಂದು ಪೂರ್ತಿ ಆಲ್ಬಮ್ ಮಾಡುತ್ತಾರೆ. ಮಿಯಾಝಾಕಿಯ 'ನೌಸಿಕಾ' ಚಿತ್ರ ಬಂದದ್ದು 1984ರಲ್ಲಿ, ಅದರ ಇಮೇಜ್ ಆಲ್ಬಮ್ 1983ರಲ್ಲೇ ಬಂದಿತ್ತು. ಹಿಸೈಶಿಗೆ ಸಿಕ್ಕಿದ್ದು ಮೊದಲು ಆ ಆಲ್ಬಮ್ ಕೆಲಸ. ಅದು ಇಷ್ಟವಾಗಿ ಸಿನಿಮಾವೂ ಅವರ ಕೈಗೆ ಬಂತು.

ಹೀಗೆ ಹುಟ್ಟಿದ ಸಂಗೀತಕ್ಕೆ ಪರದೆಯ ಊರುಗೋಲು ಜಾಸ್ತಿ ಬೇಕಾಗುವುದಿಲ್ಲ. ಸಿನಿಮಾ ನೋಡದೆ ಬರೀ ಕೇಳುವವರು ಇಂಥದ್ದನ್ನು ಮೊದಲು ಆರಿಸಿದರೆ ಒಳ್ಳೆಯದು. ಮಿಕ್ಕದ್ದನ್ನು ಸಿನಿಮಾ ನೋಡಿಯೇ ಕೇಳಬೇಕು.

ಹಿಸೈಶಿ ಸರಿ, ಆದರೆ ಯಾವುದು?

ಹೆಚ್ಚಿನವರಿಗೆ ಗೊಂದಲ ಇರುವುದು ಮೂರರ ನಡುವೆ: 'ಸ್ಪಿರಿಟೆಡ್ ಅವೇ' (2001), 'ಹೌಲ್ಸ್ ಮೂವಿಂಗ್ ಕ್ಯಾಸಲ್' (2004), 'ಪ್ರಿನ್ಸೆಸ್ ಮೊನೊನೊಕೆ' (1997). ಮೂರೂ ಒಬ್ಬರದೇ ಕೈಯ ಕೆಲಸ. ಆದರೆ ಕೇಳಿದಾಗ ಆಗುವ ಅನುಭವ ಬೇರೆ ಬೇರೆ.

ರಾತ್ರಿ ದೀಪ ಆರಿಸಿ ಕೇಳುವವರು 'ಸ್ಪಿರಿಟೆಡ್ ಅವೇ' ತೆಗೆದುಕೊಳ್ಳಿ. ಚಿತ್ರ ಶುರುವಾಗುವಾಗ ಚಿಹಿರೊ ಎಂಬ ಹುಡುಗಿ ಕಾರಿನ ಹಿಂದಿನ ಸೀಟಿನಲ್ಲಿ ಹೂಗುಚ್ಛ ಹಿಡಿದುಕೊಂಡು ಬಿದ್ದಿದ್ದಾಳೆ. ಊರು ಬಿಟ್ಟು ಬೇರೆ ಊರಿಗೆ ಹೋಗಬೇಕಾಗಿ ಬಂದ ಸಿಟ್ಟು ಅವಳ ಮುಖದಲ್ಲಿದೆ. ಪಿಯಾನೊ ಮಾತ್ರ ಸಿಟ್ಟಾಗಿಲ್ಲ. ಬಿಟ್ಟು ಬಂದದ್ದೆಲ್ಲ ಅದಕ್ಕೆ ಗೊತ್ತಿದ್ದ ಹಾಗೆ ಮೆತ್ತಗೆ ನುಡಿಯುತ್ತದೆ. ಆಲ್ಬಮ್‌ನ ಮೊದಲ ತುಣುಕು ಇದೇ.

ನಿಜವಾದ ಪರೀಕ್ಷೆ ರೈಲಿನ ದೃಶ್ಯ. ನೀರಿನ ಮೇಲೇ ಹಳಿ. ಚಿಹಿರೊ ಪಕ್ಕದಲ್ಲಿ ಮುಖವಾಡದ ನೋ-ಫೇಸ್ ಸುಮ್ನೆ ಕೂತಿದ್ದಾನೆ. ಬೋಗಿಯಲ್ಲಿರುವ ಬೇರೆ ಪ್ರಯಾಣಿಕರು ನೆರಳಿನ ಹಾಗೆ ಆರಪಾರ ಕಾಣುತ್ತಾರೆ, ನಿಲ್ದಾಣ ಬಂದಾಗ ಇಳಿದು ಹೋಗುತ್ತಾರೆ. ಹೊರಗೆ ಕತ್ತಲಾಗುತ್ತದೆ, ನಿಯಾನ್ ಬೋರ್ಡುಗಳು ಹಾದು ಹೋಗುತ್ತವೆ. ಯಾರೂ ಮಾತಾಡುವುದಿಲ್ಲ. ಇಂಥ ಕಡೆ ಬೇರೆಯವರಾಗಿದ್ದರೆ ಆರ್ಕೆಸ್ಟ್ರಾ ಎಬ್ಬಿಸಿ ಅಳಿಸುತ್ತಿದ್ದರು. ಹಿಸೈಶಿ ಪಿಯಾನೊ ಸ್ವರಗಳನ್ನು ಬಿಡಿಬಿಡಿಯಾಗಿ ಇಟ್ಟು, ನಡುವೆ ಜಾಗ ಬಿಟ್ಟಿದ್ದಾರೆ. ತುಣುಕಿನ ಹೆಸರು 'ಆರನೇ ನಿಲ್ದಾಣ'. ಇದನ್ನು ಸಿನಿಮಾ ಇಲ್ಲದೆ ಕೇಳಿ ನೋಡಿ. ಮನಸ್ಸು ನಿಂತರೆ ಹಿಸೈಶಿ ನಿಮ್ಮವರು. ಏನೂ ಆಗುತ್ತಿಲ್ಲವಲ್ಲ ಅನ್ನಿಸಿದರೆ ಈ ಆಲ್ಬಮ್ ಪಕ್ಕಕ್ಕಿಟ್ಟು ಮುಂದೆ ಹೋಗಿ, ಬೇಜಾರೇನಿಲ್ಲ.

ಕೊನೆಗೆ ಬರುವ ಹಾಡು ಹಿಸೈಶಿಯದಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸ್ವರ ಹಾಕಿ ಹಾಡಿದವರು ಯೂಮಿ ಕಿಮುರಾ. ಅವರೇ ಲೈರ್ ಎಂಬ ಪುಟ್ಟ ತಂತಿವಾದ್ಯ ಮೀಟಿದ್ದಾರೆ. ಸಾಹಿತ್ಯ ವಕಾಕೊ ಕಾಕು ಅವರದು. ಈ ಹಾಡು ಮಿಯಾಝಾಕಿ ಮಾಡಬೇಕೆಂದಿದ್ದ, ಕೊನೆಗೆ ಆಗದೇ ಹೋದ ಬೇರೊಂದು ಚಿತ್ರದ ಹೊತ್ತಿಗೆ ಹುಟ್ಟಿದ್ದು. ಆ ಚಿತ್ರ ನಿಂತುಹೋಯಿತು, ಹಾಡು ಇಲ್ಲಿಗೆ ಬಂತು. ಒಂದು ವಾದ್ಯ, ಒಂದು ದನಿ, ಅಷ್ಟೇ. ಇಡೀ ಆಲ್ಬಮ್‌ನಲ್ಲಿ ಒಂದೇ ಒಂದು ಉಳಿಸಿಕೋ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಹಿಸೈಶಿ ಅಭಿಮಾನಿಗಳು ಕ್ಷಮಿಸಬೇಕು.

'ಹೌಲ್ಸ್' ಹಾಗಲ್ಲ. ಅದು ಒಂದೇ ರಾಗದ ಚಿತ್ರ. ಇಡೀ ಸಿನಿಮಾಕ್ಕೆ ಒಂದೇ ಮುಖ್ಯ ಥೀಮ್ ಇರಲಿ ಅಂತ ಮಿಯಾಝಾಕಿ ಕೇಳಿದ್ದರು. ಹಿಸೈಶಿ ಕೊಟ್ಟದ್ದು ಒಂದು ವಾಲ್ಟ್ಸ್. ಮೂರರ ಎಣಿಕೆ, ನಮ್ಮ ಲೆಕ್ಕದಲ್ಲಿ ತಕಿಟ ತಕಿಟ. ಅದೇ ಧಾಟಿ ಒಮ್ಮೆ ಪಿಯಾನೊದಲ್ಲಿ ಹೆದರುತ್ತಾ ಬರುತ್ತದೆ, ಒಮ್ಮೆ ಪೂರ್ತಿ ಆರ್ಕೆಸ್ಟ್ರಾದಲ್ಲಿ ಸೊಕ್ಕಿನಿಂದ ಬರುತ್ತದೆ. ಹೌಲ್ ಮತ್ತು ಸೋಫಿ ಕೈ ಹಿಡಿದು ಊರಿನ ಚೌಕದ ಮೇಲೆ, ಗಾಳಿಯಲ್ಲೇ ಹೆಜ್ಜೆ ಇಟ್ಟು ನಡೆಯುವ ದೃಶ್ಯ ಇದೆಯಲ್ಲ, ಅಲ್ಲಿ ಅವರ ಕಾಲು ನೋಡಿ. ಹೆಜ್ಜೆ ಬೀಳುವುದು ಆ ಮೂರರ ಎಣಿಕೆಗೇ.

ಒಂದು ಧಾಟಿ ಎಷ್ಟು ಬಗೆಯಲ್ಲಿ ತಿರುಗಬಹುದು ಅನ್ನುವ ಕುತೂಹಲ ಇರುವವರಿಗೆ, ಸಂಗೀತ ಕಲಿಯುವ ಮಕ್ಕಳಿಗೆ ಇದೇ ಸರಿ. ತೊಂದರೆ ಏನೆಂದರೆ ಈ ವಾಲ್ಟ್ಸ್ ಈಗ ರೀಲ್ಸ್, ಕೆಫೆ, ಮದುವೆ ವಿಡಿಯೊ ಎಲ್ಲ ಕಡೆ ಸವೆದಿದೆ. ಆಗಲೇ ನೂರು ಸಲ ಕಿವಿಗೆ ಬಿದ್ದಿದ್ದರೆ ಪೂರ್ತಿ ಆಲ್ಬಮ್ ಕೇಳುವುದು ಕಷ್ಟ.

'ಮೊನೊನೊಕೆ' ದೊಡ್ಡ ಕ್ಯಾನ್ವಾಸಿನದು. ಕಾಡು, ಕಬ್ಬಿಣದ ಕುಲುಮೆ, ಶಾಪ ಹೊತ್ತ ರಾಜಕುಮಾರ. ಶುರುವಿನಲ್ಲೇ ಬರುವ 'ಅಶಿತಾಕನ ಕಥೆ' ತಗ್ಗು ಸ್ವರದಲ್ಲಿ ಗುಡುಗಿ ನಿಧಾನವಾಗಿ ಮೇಲೇಳುತ್ತದೆ. ಸ್ಪೀಕರ್ ಚೆನ್ನಾಗಿದ್ದರೆ ಇದಕ್ಕೇ ಅದನ್ನು ಬಳಸಿ. ಇದರ ಶೀರ್ಷಿಕೆ ಹಾಡನ್ನು ಹಾಡಿದ ಯೋಶಿಕಝು ಮೆರಾ ಗಂಡಸು. ಕೌಂಟರ್‌ಟೆನರ್, ಅಂದರೆ ಹೆಣ್ಣಿನ ಶ್ರುತಿಗೆ ಏರಿ ಹಾಡುವ ಗಂಡು ದನಿ. ಹೇಳದಿದ್ದರೆ ಯಾರಾದರೂ ಹೆಂಗಸಿನ ದನಿ ಅಂದುಕೊಳ್ಳುತ್ತಾರೆ. ಆದರೆ ಯುದ್ಧದ ತುಣುಕುಗಳು ಪರದೆ ಇಲ್ಲದೆ ಸ್ವಲ್ಪ ಸಪ್ಪೆ. ಹಾಗಾಗಿ ಇದನ್ನು ಮೊದಲು ನೋಡಿ, ಆಮೇಲೆ ಕೇಳಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮೂರನ್ನೂ ಬಿಡಿ. 'ಮೈ ನೇಬರ್ ಟೊಟೊರೊ' (1988) ಹಾಕಿ. ಅದರ ನಡಿಗೆ ಹಾಡು 'ಸಂಪೊ'ವನ್ನು ಅಝುಮಿ ಇನೊವೆ ಹಾಡಿದ್ದಾರೆ, ಸಾಹಿತ್ಯ ಮಕ್ಕಳ ಲೇಖಕಿ ರಿಯೆಕೊ ನಕಾಗಾವಾ ಅವರದು. ಭಾಷೆ ಬರದ ಮಗುವೂ ಎರಡನೇ ಸಲಕ್ಕೆ ಕಾಲು ಹಾಕುತ್ತದೆ. ದೊಡ್ಡವರಿಗೆ ಅದೇ ಆಲ್ಬಮ್‌ನಲ್ಲಿ 'ಗಾಳಿಯ ದಾರಿ' ಇದೆ.

ಒಂದು ಮಾತು ನಡುವೆ. ಈ ಹಾಡುಗಳು ನಮ್ಮ ಕಿವಿಗೆ ಬೇಗ ಒಗ್ಗುವುದಕ್ಕೆ ಒಂದು ಕಾರಣ ಐದು ಸ್ವರಗಳು. ಜಪಾನಿನ ಶಾಲೆಹಾಡುಗಳಲ್ಲಿ, ಹಳೆಯ ಪಾಪ್ ಹಾಡುಗಳಲ್ಲಿ ಮ ಮತ್ತು ನಿ ಬಿಟ್ಟ ಒಂದು ಮೇಜರ್ ಸ್ಕೇಲ್ ತುಂಬಾ ಬಳಕೆಯಲ್ಲಿತ್ತು. ಸ ರಿ ಗ ಪ ದ. ನಮ್ಮ ಮೋಹನದ ಸ್ವರಗಳೇ. ಗಮಕ ಇಲ್ಲ, ನಡೆ ಬೇರೆ, ಆದರೂ ಪರಿಚಯದ ಮುಖ ಕಂಡ ಹಾಗಾಗುತ್ತದೆ. ಓಕಿನಾವಾ ದ್ವೀಪದ ಜಾನಪದ ಸ್ಕೇಲ್ ಇನ್ನೂ ತಮಾಷೆ. ಸ ಗ ಮ ಪ ನಿ, ನೇರವಾಗಿ ಗಂಭೀರನಾಟ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಹೇಳಿ ನೋಡಿ, ಖುಷಿಪಡುತ್ತಾರೆ.

ಮೆದು ಬೇಡ, ಮೈ ಜುಂ ಅನ್ನಬೇಕು ಅನ್ನುವವರಿಗೆ

ಇಲ್ಲಿ ಎರಡೇ ಹೆಸರು: 'ಅಕಿರ' (1988) ಮತ್ತು 'ಘೋಸ್ಟ್ ಇನ್ ದ ಶೆಲ್' (1995). ಎರಡೂ ಮುಂದಿನ ಕಾಲದ ಊರುಗಳ ಕಥೆ. ಎರಡೂ ಎಲೆಕ್ಟ್ರಾನಿಕ್ ಸದ್ದಿಗಿಂತ ಹಳೆಯ ದನಿಗಳನ್ನು ನಂಬಿದವು. ಆದರೆ ಒಂದು ಜಾತ್ರೆ, ಇನ್ನೊಂದು ಗರ್ಭಗುಡಿ.

'ಅಕಿರ'ದ ಸಂಗೀತ ಗೈನೊ ಯಮಾಶಿರೊಗುಮಿ ಎಂಬ ತಂಡದ್ದು. ಇದು ವೃತ್ತಿ ಸಂಗೀತಗಾರರ ತಂಡವಲ್ಲ. ವಿದ್ಯಾರ್ಥಿಗಳು, ವೈದ್ಯರು, ಎಂಜಿನಿಯರ್‌ಗಳು, ಪತ್ರಕರ್ತರು ಸೇರಿ ಕಟ್ಟಿಕೊಂಡದ್ದು. ನಾಯಕರು ಶೋಜಿ ಯಮಾಶಿರೊ. ನಿರ್ದೇಶಕ ಕತ್ಸುಹಿರೊ ಓಟೊಮೊ ಇವರಿಗೆ ಎರಡು ವಿಷಯ ಕೊಟ್ಟರು, ಹಬ್ಬ ಮತ್ತು ಸತ್ತವರಿಗಾಗಿ ಪ್ರಾರ್ಥನೆ. ಸಂಗೀತ ಚಿತ್ರಕ್ಕಿಂತ ಮುಂಚೆ ತಯಾರಾಯಿತು. 'ಕನೇದಾ' ತುಣುಕಿನಲ್ಲಿ ಬಾಲಿ ದ್ವೀಪದ ಜೆಗೊಗ್ ಕೇಳುತ್ತದೆ. ದಪ್ಪ ಬಿದಿರಿನ ಕೊಳವೆಗಳನ್ನು ಬಡಿದು ನುಡಿಸುವ ವಾದ್ಯ ಅದು. ಅದರ ಮೇಲೆ 'ರಸ್ಸೇರಾ, ರಸ್ಸೇರಾ' ಅಂತ ಕೂಗು. ಇದು ಉತ್ತರ ಜಪಾನಿನ ಆವೊಮೊರಿಯ ನೆಬುತಾ ಹಬ್ಬದ ಕೂಗು. ಕೆಂಪು ಬೈಕು, ಹಾಳಾದ ನಗರ, ಅದಕ್ಕೆ ಬಿದಿರು ಮತ್ತು ಜಾತ್ರೆಯ ಕೂಗು! ಕಾಗದದ ಮೇಲೆ ಹೊಂದುವುದೇ ಇಲ್ಲ. ಕೇಳಿದರೆ ಬೇರೆ ಯಾವುದೂ ಅಲ್ಲಿ ಹೊಂದುತ್ತಿರಲಿಲ್ಲ ಅನ್ನಿಸುತ್ತದೆ.

'ಘೋಸ್ಟ್ ಇನ್ ದ ಶೆಲ್'ನಲ್ಲಿ ಕೆಂಜಿ ಕವಾಯಿ ಮಾಡಿದ್ದು ಇದರ ಉಲ್ಟಾ. ಅತಿ ಕಡಿಮೆ ಸಾಮಾನು. ಒಂದು ದೊಡ್ಡ ಡ್ರಮ್ಮು, ಗಂಟೆ, ಹೆಂಗಸರ ಕೋರಸ್. ಹಾಡಿನ ಮಾತು ಪ್ರಾಚೀನ ಜಪಾನಿ ಭಾಷೆಯ ಮದುವೆ ಹಾಡಿನದು. ಹಾಡಿದವರು ಜಪಾನಿ ಜಾನಪದ ಗಾಯಕಿಯರು, ದನಿಗಳನ್ನು ಜೋಡಿಸಿದ್ದು ಬಲ್ಗೇರಿಯಾದ ಜಾನಪದ ಕೋರಸ್ ರೀತಿಯಲ್ಲಿ. ಯಂತ್ರದ ಮೈಯೊಂದು ದ್ರವದಲ್ಲಿ ತೇಲುತ್ತಾ ರೂಪ ಪಡೆಯುವಾಗ ಹಿಂದೆ ಮದುವೆ ಹಾಡು ಕೇಳುತ್ತದೆ. ಕಥೆಯ ಕೊನೆ ಗೊತ್ತಿದ್ದವರಿಗೆ ಯಾಕೆ ಮದುವೆ ಹಾಡು ಅಂತಲೂ ಗೊತ್ತಾಗುತ್ತದೆ. ಮಧ್ಯದಲ್ಲಿ ಮಾತೇ ಇಲ್ಲದ ಒಂದು ಭಾಗ ಇದೆ. ಮಳೆ, ಕಾಲುವೆ, ದೋಣಿ, ಛತ್ರಿ, ಅಂಗಡಿ ಬೋರ್ಡು. ಆ ಹೊತ್ತಿಗೆ ಅದೇ ಕೋರಸ್ ಇನ್ನೊಂದು ರೂಪದಲ್ಲಿ ಬರುತ್ತದೆ.

ಎರಡರಲ್ಲಿ ಒಂದು ಅಂದರೆ? ಓಡುವಾಗ, ಜಿಮ್‌ನಲ್ಲಿ, ನಿದ್ದೆಗಣ್ಣಿನಲ್ಲಿ ಕೆಲಸ ಮಾಡುವಾಗ 'ಅಕಿರ'. ಒಬ್ಬರೇ ಇದ್ದಾಗ 'ಘೋಸ್ಟ್'. ಅದರಲ್ಲೂ ಮೂರು ಕೋರಸ್ ತುಣುಕುಗಳನ್ನು ಮಾತ್ರ ಆರಿಸಿಕೊಂಡರೆ ಸಾಕು. ನಡುವಿನ ತುಣುಕುಗಳು ಬರೀ ವಾತಾವರಣ. ಆಲ್ಬಮ್ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಲವಲವಿಕೆಯ ಕ್ಯಾಂಟನೀಸ್ ಪಾಪ್ ಹಾಡು ಬರುತ್ತದೆ. ಗಾಬರಿಯಾಗಬೇಡಿ, ಫೈಲ್ ತಪ್ಪಾಗಿಲ್ಲ.

ಇದೇ ಸಾಲಿನಲ್ಲಿ ಸತೋಶಿ ಕೋನ್ ನಿರ್ದೇಶನದ 'ಪಪ್ರಿಕ' (2006) ಕೂಡ ಇದೆ. ಸಂಗೀತ ಸುಸುಮು ಹಿರಾಸಾವಾ. ಫ್ರಿಜ್ಜು, ಕಪ್ಪೆ, ಗೊಂಬೆಗಳೆಲ್ಲ ಮೆರವಣಿಗೆ ಹೊರಡುವ ದೃಶ್ಯದ ಹಾಡನ್ನು ಒಮ್ಮೆ ಕೇಳಿದರೆ ತಲೆಯಿಂದ ಹೋಗುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಬೇಕು.

ಹಾಡೇ ಬೇಕು ಅನ್ನುವವರಿಗೆ

ನಮ್ಮಲ್ಲಿ ಬಹಳ ಜನ ಈ ಗುಂಪಿನವರು, ಅಲ್ವಾ? ಸಿನಿಮಾ ಸಂಗೀತ ಅಂದರೆ ಹಾಡು. ಇವರಿಗೆ ಮಕೊತೊ ಶಿಂಕಾಯ್ ಚಿತ್ರಗಳು ಸುಲಭ. 'ಯುವರ್ ನೇಮ್' (2016) ಪೂರ್ತಿ ಸಂಗೀತ ರಾಡ್‌ವಿಂಪ್ಸ್ ಎಂಬ ರಾಕ್ ಬ್ಯಾಂಡಿನದು. ಸ್ಕ್ರಿಪ್ಟ್ ಹಂತದಲ್ಲೇ ಬ್ಯಾಂಡ್ ಕೈಗೆ ಕಥೆ ಹೋಗಿತ್ತು, ಬಂದ ಹಾಡುಗಳಿಗೆ ತಕ್ಕ ಹಾಗೆ ಶಿಂಕಾಯ್ ದೃಶ್ಯಗಳನ್ನೂ ಬದಲಾಯಿಸಿಕೊಂಡರು. ನಾಲ್ಕು ಹಾಡುಗಳಿವೆ. 'ಝೆನ್‌ಝೆನ್‌ಝೆನ್ಸೆ' ಓಡುವ ಹಾಡು, ಬಸ್ಸಿನಲ್ಲಿ ಕೇಳಲು ಚೆಂದ. 'ಸ್ಪಾರ್ಕಲ್' ಸಿನಿಮಾ ರೂಪದಲ್ಲಿ ಹತ್ತಿರ ಹತ್ತಿರ ಒಂಬತ್ತು ನಿಮಿಷ ಇದೆ. ಪಿಯಾನೊದ ಒಂದು ಸಣ್ಣ ಎಳೆ ಮತ್ತೆ ಮತ್ತೆ ಬಂದು, ಧೂಮಕೇತು ಬೀಳುವ ಹೊತ್ತಿಗೆ ಎದೆ ತುಂಬುತ್ತದೆ. ಬ್ಯಾಂಡಿನವರು ಇಂಗ್ಲಿಷ್‌ನಲ್ಲೂ ಈ ಹಾಡುಗಳನ್ನು ಹಾಡಿದ್ದಾರೆ. ಅರ್ಥ ತಿಳಿಯಲು ಒಮ್ಮೆ ಕೇಳಿ, ಆಮೇಲೆ ಜಪಾನಿಗೇ ವಾಪಸ್ ಬನ್ನಿ. ಇಂಗ್ಲಿಷ್‌ನಲ್ಲಿ ಮಾತು ಸ್ವರದ ಮೇಲೆ ಸರಿಯಾಗಿ ಕೂರುವುದಿಲ್ಲ.

ಅದೇ ಜೋಡಿಯ 'ವೆದರಿಂಗ್ ವಿತ್ ಯು' 2019ರ ಅಕ್ಟೋಬರ್‌ನಲ್ಲಿ ಭಾರತದ ಥಿಯೇಟರ್‌ಗಳಿಗೂ ಬಂತು. ಇಲ್ಲಿನ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಸಹಿ ಹಾಕಿ ಒತ್ತಾಯಿಸಿದ್ದರಿಂದ ಬಂದ ಚಿತ್ರ ಅದು. ಹಾಡುಗಳ ಮಟ್ಟಕ್ಕೆ ನನಗೆ 'ಯುವರ್ ನೇಮ್' ಒಂದು ಕೈ ಮೇಲು. ಆದರೆ ಇದರ 'ಗ್ರ್ಯಾಂಡ್ ಎಸ್ಕೇಪ್' ಹಾಡನ್ನು ಥಿಯೇಟರಿನಲ್ಲಿ ಕೇಳಿದವರು ನನ್ನ ಮಾತು ಒಪ್ಪಲಿಕ್ಕಿಲ್ಲ. 'ಸುಝುಮೆ' (2022) ಸಂಗೀತದಲ್ಲಿ ರಾಡ್‌ವಿಂಪ್ಸ್ ಜೊತೆ ಕಝುಮಾ ಜಿನ್ನೊಉಚಿ ಸೇರಿದ್ದಾರೆ. ಅದರ ಕಾರಿನ ಪ್ರಯಾಣದಲ್ಲಿ ಹಳೆಯ ಪಾಪ್ ಹಾಡೊಂದು ಕೇಳುತ್ತದೆ, ಯೂಮಿ ಅರಾಯ್ ಅವರದು. ಮಿಯಾಝಾಕಿಯ 'ಕಿಕಿಸ್ ಡೆಲಿವರಿ ಸರ್ವಿಸ್' (1989) ಶುರುವಿನಲ್ಲಿ ಕಿಕಿ ಪೊರಕೆ ಏರಿ ಹೊರಟಾಗ ರೇಡಿಯೊದಲ್ಲಿ ಬರುವುದೂ ಅದೇ ಹಾಡು.

ಹಾಡುಗಾರ್ತಿಯೇ ಮುಖ್ಯ ಅನ್ನುವವರಿಗೆ 'ಒನ್ ಪೀಸ್ ಫಿಲ್ಮ್ ರೆಡ್' (2022). ಅದರಲ್ಲಿ ಆಡೊ ಎಂಬ ಗಾಯಕಿಯ ದನಿ ಗಂಟಲು ಕಿತ್ತು ಬರುವ ಹಾಗಿದೆ. ಇನ್ನೊಂದು 'ಬೆಲ್' (2021), ಕಹೊ ನಕಮುರಾ ಹಾಡಿದ್ದು. ಮೊದಲನೆಯದು ಅಬ್ಬರ, ಎರಡನೆಯದು ಸಂಕೋಚ ಬಿಟ್ಟು ಹೊರಬರುವ ದನಿ. ನನ್ನ ಮತ ಎರಡನೆಯದಕ್ಕೆ.

ಹೆಡ್‌ಫೋನ್ ಇದ್ದರೆ ಮಾತ್ರ

'ಎ ಸೈಲೆಂಟ್ ವಾಯ್ಸ್' (2016) ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪಟ್ಟಿಗಳಲ್ಲಿ ಇದು ಜಾಸ್ತಿ ಕಾಣುವುದಿಲ್ಲ. ನಿರ್ದೇಶಕಿ ನವೊಕೊ ಯಮಾದಾ, ಸಂಗೀತ ಕೆನ್ಸುಕೆ ಉಶಿಯೊ. ಕಿವಿ ಕೇಳದ ಶೋಕೊ ಎಂಬ ಹುಡುಗಿ, ಪ್ರೈಮರಿ ಶಾಲೆಯಲ್ಲಿ ಅವಳನ್ನು ಗೋಳು ಹೊಯ್ದುಕೊಂಡ ಶೋಯಾ ಎಂಬ ಹುಡುಗ, ವರ್ಷಗಳ ನಂತರ ಅವನು ಅದನ್ನು ಸರಿಮಾಡಲು ಒದ್ದಾಡುವುದು. ಇದು ಕಥೆ.

ಕಿವಿ ಕೇಳದವಳ ಸಿನಿಮಾಕ್ಕೆ ಸಂಗೀತ ಹೇಗೆ ಮಾಡೋದು? ಉಶಿಯೊ ಒಂದು ಅಪ್‌ರೈಟ್ ಪಿಯಾನೊ ತೆಗೆದುಕೊಂಡು ಅದರ ಹೊಟ್ಟೆಯೊಳಗೆ ಮೈಕ್‌ಗಳನ್ನು ಇಟ್ಟರು. ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಮರೆಮಾಡುವ ಸದ್ದೆಲ್ಲ ಇಲ್ಲಿ ಮುಂದೆ ಬಂದಿದೆ. ಸುತ್ತಿಗೆ ಏಳುವ ಸದ್ದು, ಫೆಲ್ಟ್ ಬಟ್ಟೆ ತಂತಿಗೆ ತಾಗುವುದು, ಮರ ಕಿರುಗುಡುವುದು, ಪೆಡಲ್ ಒತ್ತಿದಾಗ ಬರುವ ಧಪ್. ಸ್ವರದ ಜೊತೆಗೆ ಸ್ವರ ಹುಟ್ಟುವ ಗದ್ದಲವೂ ಕೇಳುತ್ತದೆ. ಕಿವಿ ಮಷಿನ್ ಹಾಕಿಕೊಂಡವರಿಗೆ ಮಾತಿನ ಜೊತೆ ಕುರ್ಚಿ ಎಳೆದದ್ದು, ಬಟ್ಟೆ ಉಜ್ಜಿದ್ದು ಎಲ್ಲ ಸೇರಿಕೊಂಡು ಕೇಳುವುದನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇದನ್ನು ಫೋನ್ ಸ್ಪೀಕರಿನಲ್ಲಿ ಕೇಳಿದರೆ ಏನೂ ಸಿಗುವುದಿಲ್ಲ, ಯಾರೋ ಪಿಯಾನೊ ಮಂದವಾಗಿ ನುಡಿಸುತ್ತಿದ್ದಾರೆ ಅಷ್ಟೇ ಅನ್ನಿಸುತ್ತದೆ. ಹೆಡ್‌ಫೋನ್ ಹಾಕಿ, ಫ್ಯಾನ್ ಆರಿಸಿ ಕೇಳಿ.

ಓದುವಾಗ ಹಿಂದೆ ಏನಾದರೂ ಇರಲಿ ಅನ್ನುವವರಿಗೆ 'ಸ್ಪಿರಿಟೆಡ್ ಅವೇ' ಗಿಂತ ಇದು ವಾಸಿ. ಹಿಸೈಶಿ ಧಾಟಿಗಳು ಓದನ್ನು ಬಿಡಿಸಿ ತಮ್ಮ ಕಡೆ ಎಳೆದುಕೊಳ್ಳುತ್ತವೆ.

ಒಂದೇ ಸಂಗೀತ, ಹಲವು ರೆಕಾರ್ಡಿಂಗ್

ಆರಿಸಿದ ಮೇಲೂ ಇನ್ನೊಂದು ತಲೆನೋವು ಇದೆ. ಸ್ಟ್ರೀಮಿಂಗ್ ಆಪ್‌ನಲ್ಲಿ ಒಂದೇ ಚಿತ್ರದ ಹೆಸರು ಹೊಡೆದರೆ ಹತ್ತು ಆಲ್ಬಮ್ ಬೀಳುತ್ತವೆ. ಅರ್ಧಕ್ಕರ್ಧ ಯಾರೋ ಮಾಡಿದ ಲೋ-ಫೈ, ನಿದ್ದೆ ಬರಿಸುವ ಪಿಯಾನೊ, ಮ್ಯೂಸಿಕ್ ಬಾಕ್ಸ್. ಕಲಾವಿದರ ಹೆಸರಿನ ಜಾಗದಲ್ಲಿ ಜೋ ಹಿಸೈಶಿ ಅಂತ ಇದೆಯಾ ನೋಡಿ. ಇದ್ದರೂ ಸೌಂಡ್‌ಟ್ರ್ಯಾಕ್, ಇಮೇಜ್ ಆಲ್ಬಮ್, ಸಿಂಫನಿ ರೂಪ ಅಂತ ಮೂರು ಬಗೆ ಸಿಗಬಹುದು. ಸಿನಿಮಾ ನೋಡಿ ಅದೇ ದೃಶ್ಯ ಮತ್ತೆ ಬೇಕು ಅನ್ನುವವರಿಗೆ ಸೌಂಡ್‌ಟ್ರ್ಯಾಕ್. ಬರೀ ಸಂಗೀತವಾಗಿ ಕೇಳುವವರಿಗೆ ಸಿಂಫನಿ ರೂಪ, ಯಾಕೆಂದರೆ ಅಲ್ಲಿ ಅರ್ಧ ನಿಮಿಷದ ಚೂರುಗಳಿಲ್ಲ. ಇಮೇಜ್ ಆಲ್ಬಮ್ ಆಮೇಲೆ, ಹುಚ್ಚು ಹತ್ತಿದ ಮೇಲೆ.

ಎಲ್ಲದರ ರುಚಿ ಒಂದೇ ಕಡೆ ಬೇಕು ಅಂದರೆ ಎರಡು ದಾರಿ. 2008ರಲ್ಲಿ ಟೋಕಿಯೊದ ಬುಡೋಕಾನ್ ಸಭಾಂಗಣದಲ್ಲಿ ಹಿಸೈಶಿ ನಡೆಸಿದ ಕಚೇರಿಯಲ್ಲಿ ವಾದಕರು, ಕೋರಸ್ ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಕಲಾವಿದರಿದ್ದರು. ಅದನ್ನು ವಿಡಿಯೊದಲ್ಲಿ ನೋಡಬೇಕು. 2023ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ಮಾಡಿದ 'ಎ ಸಿಂಫೊನಿಕ್ ಸೆಲೆಬ್ರೇಷನ್' ಆಲ್ಬಮ್ ಡಾಯ್ಚ ಗ್ರಾಮೊಫೋನ್ ಕಂಪನಿ ತಂದದ್ದು. ಧ್ವನಿ ಸ್ಪಷ್ಟವಾಗಿದೆ, ಸ್ವಲ್ಪ ಸೂಟು ಬೂಟು ಹಾಕಿದ ಹಾಗೂ ಇದೆ. ನನಗೆ ಬುಡೋಕಾನ್ ಇಷ್ಟ.

ನಮ್ಮ ಕಡೆಯ ನಂಟಿರುವ ಒಂದು ಆಯ್ಕೆಯನ್ನೂ ಹೇಳಿಬಿಡುತ್ತೇನೆ. ಯೂಗೊ ಸಾಕೊ ಮತ್ತು ರಾಮ್ ಮೋಹನ್ ಮಾಡಿದ ಜಪಾನ್-ಭಾರತ ಜಂಟಿ ಚಿತ್ರ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಸಂಗೀತ ವನರಾಜ್ ಭಾಟಿಯಾ. ದೂರದರ್ಶನದಲ್ಲಿ 'ಭಾರತ್ ಏಕ್ ಖೋಜ್' ನೋಡಿದವರಿಗೆ ಅವರ ಕೋರಸ್ ನೆನಪಿರುತ್ತದೆ. ಇಲ್ಲೂ ಸಂಸ್ಕೃತದ ಹಾಡುಗಳಿವೆ. 2025ರ ಜನವರಿಯಲ್ಲಿ ಭಾರತದ ಥಿಯೇಟರ್‌ಗಳಿಗೆ ಮತ್ತೆ ಬಂದಿತ್ತು. ಮನೆಯ ಹಿರಿಯರನ್ನು ಅನಿಮೆ ಮುಂದೆ ಕೂರಿಸಬೇಕು ಅಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ಸಿನಿಮಾ ನೋಡಿಯೇ ಕೇಳುತ್ತೇನೆ ಅನ್ನುವವರು ಪ್ಲೇ ಒತ್ತುವ ಮೊದಲು ಆಡಿಯೊ ಭಾಷೆ ನೋಡಿಕೊಳ್ಳಿ. ಡಬ್ಬಿಂಗ್‌ನಲ್ಲಿ ಮಾತು ಮಾತ್ರ ಬದಲಾಗುತ್ತದೆ ಅಂದುಕೊಳ್ಳುತ್ತೇವೆ, ಕೆಲವು ಚಿತ್ರಗಳಲ್ಲಿ ಸಂಗೀತವೇ ಬದಲಾಗಿದೆ. 'ಕ್ಯಾಸಲ್ ಇನ್ ದ ಸ್ಕೈ' (1986) ಎರಡು ಗಂಟೆಯ ಚಿತ್ರ, ಮೂಲದಲ್ಲಿ ಸಂಗೀತ ಇದ್ದದ್ದು ಸುಮಾರು ಒಂದು ಗಂಟೆ. ಅಮೆರಿಕದ ಪ್ರೇಕ್ಷಕರಿಗೆ ಇಷ್ಟು ಮೌನ ಒಗ್ಗುವುದಿಲ್ಲ ಅಂತ ಡಿಸ್ನಿಯ ಇಂಗ್ಲಿಷ್ ರೂಪಕ್ಕೆ ಹಿಸೈಶಿಯೇ ಮತ್ತೆ ಕೂತು ಅದನ್ನು ಸುಮಾರು ಒಂದೂವರೆ ಗಂಟೆಗೆ ಹಿಗ್ಗಿಸಿದರು. 'ಕಿಕಿಸ್ ಡೆಲಿವರಿ ಸರ್ವಿಸ್'ನ 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಂತೂ ಯೂಮಿ ಅರಾಯ್ ಹಾಡುಗಳನ್ನೇ ತೆಗೆದು ಬೇರೆ ಇಂಗ್ಲಿಷ್ ಹಾಡು ಹಾಕಿದ್ದರು. ನಂತರ ಬಂದ ಕೆಲವು ಡಿಸ್ಕ್‌ಗಳಲ್ಲಿ ಮೂಲ ಸಂಗೀತ ವಾಪಸ್ ಬಂದಿದೆ. ನಿಮ್ಮ ಕೈಗೆ ಸಿಕ್ಕಿದ್ದು ಯಾವ ರೂಪ ಅಂತ ತಲೆ ಕೆಡಿಸಿಕೊಳ್ಳುವ ಬದಲು ಜಪಾನಿ ಆಡಿಯೊ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಳ್ಳಿ.